ಲವೀನಾಳ ವೈನು, ಮಹಾದೇವಿಯ ಗಂಟು

ನನಗೆ ಕನ್ನಡ ಬರುವುದಿಲ್ಲ ಎಂಬ ಸಂಗತಿ ನನಗೆ ತಿಳಿದದ್ದು ಬನಹಟ್ಟಿಗೆ ಬಂದ ಮೊದಲ ಬೆಳಿಗ್ಗೆ. ಮೈಸೂರಿನಲ್ಲಿ ಹುಟ್ಟಿ, ಮೂವತ್ತಾರು ವರ್ಷ ಕನ್ನಡದಲ್ಲೇ ಜಗಳವಾಡಿ, ಕನ್ನಡದಲ್ಲೇ ಪಾಠ ಹೇಳಿದವಳು ನಾನು. ಕೆಳಗಿನ ಮನೆಯ ಮಹಾದೇವಿಯನ್ನು "ನಲ್ಲೀಲಿ ನೀರು ಎಷ್ಟು ಹೊತ್ತಿಗೆ ಬರುತ್ತೆ?" ಎಂದು ಕೇಳಿದೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಒಳಗಿದ್ದ ಅತ್ತೆಯನ್ನು ಕೂಗಿದಳು: "ಅತ್ತಿ, ಹೊರಗ ಬರ್ರಿ! ಇವ್ರು ಸಿನಿಮಾದಾಗಿನವ್ರಂಗ ಮಾತಾಡ್ತಾರ!" ಅತ್ತೆ ಬಂದರು, ನನ್ನಿಂದ ಅದೇ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡರು, ಸೆರಗು ಬಾಯಿಗೊತ್ತಿಕೊಂಡು ನಕ್ಕರು. ನೀರು ಎಷ್ಟು ಹೊತ್ತಿಗೆ ಬರುತ್ತದೆಂದು ಮಾತ್ರ ಇಬ್ಬರೂ ಹೇಳಲಿಲ್ಲ.

ಜಮಖಂಡಿಯ ಕಾಲೇಜಿಗೆ ರಸಾಯನಶಾಸ್ತ್ರ ಕಲಿಸಲು ಬಂದವಳು ಬಾಡಿಗೆಮನೆ ಸಿಕ್ಕಿತೆಂದು ಬನಹಟ್ಟಿಯಲ್ಲಿ ಇಳಿದಿದ್ದೆ. ಕೆಳಗೆ ಮಹಾದೇವಿಯ ಮನೆಯವರ ಎಂಟು ಪವರ್‌ಲೂಮುಗಳು, ಮೇಲೆ ನಾನು. ಮೊದಲ ವಾರ ಕಪಾಟಿನಲ್ಲಿಟ್ಟ ಚಮಚಗಳು ತಾವಾಗಿಯೇ ಸರಿದು ಅಂಚಿಗೆ ಬರುತ್ತಿದ್ದವು. ಇಲ್ಲಿ ಸದ್ದಿಗೆ ಸಪ್ಪಳ ಎನ್ನುತ್ತಾರೆ. ಆ ಸಪ್ಪಳದ ಮೇಲೆ ಮಾತು ಕೇಳಿಸಬೇಕಲ್ಲ, ಹಾಗಾಗಿ ಪ್ರೀತಿಯನ್ನೂ ಕೂಗಿಯೇ ಹೇಳುತ್ತಾರೆ. ನಮ್ಮ ಮೈಸೂರಿನಲ್ಲಿ ಗೇಟಿನ ಬಳಿ ನಿಂತು "ಬನ್ನಿ, ಕಾಫಿ ಕುಡ್ಕೊಂಡು ಹೋಗಿ" ಎಂದವರು ನಾವು ನಿಜವಾಗಿ ಒಳಗೆ ಹೋದರೆ ಗಾಬರಿಯಾಗುತ್ತಾರೆ. ಇಲ್ಲಿ ಮಹಾದೇವಿ ಬಾಗಿಲು ತಟ್ಟದೆ ಬಂದು, ನನ್ನ ಡಬ್ಬಿಗಳ ಮುಚ್ಚಳ ತೆಗೆದು, "ಇಷ್ಟ ಹಿಟ್ಟಿನಾಗ ಹೆಂಗ ಬದುಕ್ತೀರಿ ಅಕ್ಕೋರ?" ಎಂದು ಬೈದು ಹೋದವಳು. ಅಕ್ಕೋರು ಎಂದರೆ ಈ ಕಡೆ ಪಾಠ ಹೇಳುವ ಹೆಂಗಸು. ಕಟಕ್ಕೆನ್ನುವ ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಹಾಕಿ ತಿಂದ ನನಗೆ, ಅದನ್ನು ಮುರಿದು ಶೇಂಗಾ ಚಟ್ನಿ, ಮೊಸರಿನ ಜೊತೆ ತಿನ್ನುವುದನ್ನು ಕಲಿಸಿದವಳೂ ಅವಳೇ. ಐದು ವರ್ಷಗಳಲ್ಲಿ ಈ ಊರಿನಲ್ಲಿ ನನಗಿದ್ದ ಗೆಳತಿ ಎಂದರೆ ಅವಳೊಬ್ಬಳೇ.

ಹಾಗಿರುವಾಗ ಲವೀನಾ ಬಂದಳು.

ಮಂಗಳೂರಿನ ಕಡೆಯ ಹುಡುಗಿ. ಗಂಡ ಆಲ್ವಿನ್ ಮುಧೋಳದ ಹತ್ತಿರದ ಸಕ್ಕರೆ ಕಾರ್ಖಾನೆಯಲ್ಲಿ ಎಂಜಿನಿಯರ್. ಪರದೆ ಬಟ್ಟೆ ಹುಡುಕಿಕೊಂಡು ಮಹಾದೇವಿಯ ಮನೆಗೆ ಬಂದವಳು ಎಂಟೇ ತಿಂಗಳಲ್ಲಿ ಒಳಮನೆಯವರೆಗೆ ಹೋಗಿಬಿಟ್ಟಳು. ಅವಳು "ಹೌದಿಲ್ಲೋ" ಎಂದು ಈ ಕಡೆಯ ಮಾತಾಡಿದರೆ ಅತ್ತೆಗೂ ಇಷ್ಟ. ನಾನು "ಹೌದಿಲ್ಲೋ" ಎಂದಾಗ ಮಗ್ಗದವರೆಲ್ಲ ನಕ್ಕಿದ್ದರು. ಮಹಾದೇವಿ ಅವಳನ್ನು "ಬಾ ಬೇ" ಎಂದು ಏಕವಚನದಲ್ಲಿ ಕರೆಯುತ್ತಿದ್ದಳು. ನನಗೆ ಮಾತ್ರ ಐದು ವರ್ಷದಿಂದಲೂ "ಬರ್ರಿ ಅಕ್ಕೋರ". ಮರ್ಯಾದೆ ಎಂದು ಮೊದಲೆಲ್ಲ ಹೆಮ್ಮೆಪಟ್ಟಿದ್ದೆ. ಈಗ ಆ ಮರ್ಯಾದೆಗೆ ಬೆಂಕಿ ಬೀಳಲಿ ಅನ್ನಿಸುತ್ತಿತ್ತು. ನನಗೆ ಹೊಟ್ಟೆಕಿಚ್ಚು. ಅದನ್ನು ಬೇರೆ ಹೆಸರಿನಿಂದ ಕರೆಯುವುದರಲ್ಲಿ ಅರ್ಥವಿಲ್ಲ.

ಅದೇ ಸಮಯಕ್ಕೆ ನಮ್ಮ ವರ್ಗಾವಣೆಯ ಸುತ್ತೋಲೆ ಬಂತು. ಮೈಸೂರಿನ ಕಾಲೇಜಿನಲ್ಲಿ ಜಾಗ ಖಾಲಿಯಿತ್ತು. ಅಮ್ಮ ದಿನಕ್ಕೆರಡು ಸಲ ಫೋನ್ ಮಾಡಿ ಅರ್ಜಿ ಹಾಕಿದೆಯಾ ಎಂದು ಕೇಳುತ್ತಿದ್ದರು. ಮಹಾದೇವಿಗೆ ಹೇಳಿದಾಗ ಅವಳು ಅಕ್ಕಿ ಆರಿಸುತ್ತಲೇ "ಛಲೋ ಆತು ಬಿಡ್ರಿ, ತಾಯಿ ಹತ್ರ ಇರ್ತೀರಿ" ಎಂದಳು. ತಲೆ ಎತ್ತಲಿಲ್ಲ. ಹೋಗಬೇಡಿ ಎಂಬ ಒಂದು ಮಾತು ಬಂದಿದ್ದರೆ ನಾನು ಆ ಅರ್ಜಿಯನ್ನು ಅಲ್ಲೇ ಹರಿದುಹಾಕುತ್ತಿದ್ದೆ.

ಲವೀನಾಳ ತಮ್ಮ ಪ್ರವಾಸಿ ಹಡಗಿನಲ್ಲಿ ಕೆಲಸದಲ್ಲಿದ್ದಾನೆ. ರಜೆಗೆ ಬಂದವನು ಇಟಲಿಯಿಂದ ಎರಡು ಬಾಟಲಿ ವೈನ್ ತಂದುಕೊಟ್ಟಿದ್ದ. ಸಾಂಜೊವೇಸೆ ಎಂಬ ಕಪ್ಪುದ್ರಾಕ್ಷಿಯದು. ಅದೇ ದ್ರಾಕ್ಷಿಯಿಂದ ನಾಸಿಕದಲ್ಲಿ ಮಾಡಿದ ಮೂರನೆಯ ಬಾಟಲಿಯನ್ನು ಆಲ್ವಿನ್ ತರಿಸಿದ. ನಾಸಿಕದ್ದರಲ್ಲೂ ಇಟಲಿಯ ಒಂದರಲ್ಲೂ ಸಾಂಜೊವೇಸೆ ಮಾತ್ರ, ಇಟಲಿಯ ಇನ್ನೊಂದರಲ್ಲಿ ಬೇರೆ ದ್ರಾಕ್ಷಿಯೂ ಬೆರೆತಿದೆ. ಯಾವುದರಲ್ಲಿ ಬೆರೆತಿದೆ ಎಂದು ನಾಲಗೆಯಿಂದಲೇ ಹೇಳಬೇಕು, ಅದೇ ಆಟ. ಮಗ್ಗಗಳಿಗೆ ರಜೆಯಿದ್ದ ಒಂದು ಮಧ್ಯಾಹ್ನ ಲವೀನಾ ಮುಧೋಳದ ತನ್ನ ಮನೆಗೆ ನಮ್ಮನ್ನು ಕರೆದಳು. ನಾನು ಜನ್ಮದಲ್ಲಿ ನಾಲ್ಕು ಸಲ ವೈನ್ ಕುಡಿದವಳು. ಆದರೂ ವಾರವಿಡೀ ಸಾಂಜೊವೇಸೆಯ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಮಹಾದೇವಿಯ ಎದುರು ಒಂದು ಸಲವಾದರೂ ಲವೀನಾ ಸೋಲಬೇಕಿತ್ತು.

ಮಹಾದೇವಿ ವೈನ್ ಕುಡಿಯುವವಳಲ್ಲ. ಹಾಗಾಗಿ ಬಾಟಲಿಗಳ ಗುಟ್ಟು ಕಾಯುವ ಕೆಲಸ ಅವಳದಾಯಿತು. ಅವಳಿಗೆ ಇಂಗ್ಲಿಷ್ ಓದಲು ಬಾರದು, ಲೇಬಲ್ ತಿಳಿಯದು ಎಂಬ ಧೈರ್ಯವೂ ಇತ್ತು. ಒಂದು, ಎರಡು, ಮೂರು ಎಂದು ಬರೆದ ಬಟ್ಟೆ ಚೀಲಗಳನ್ನು ಹೊಲಿದು ತಂದಿದ್ದಳು. ಬಾಟಲಿಗಳನ್ನು ಅವುಗಳಲ್ಲಿಟ್ಟು ಕುತ್ತಿಗೆಗೆ ನೂಲು ಸುತ್ತಿ ಗಂಟು ಹಾಕಿದಳು. ಆಮೇಲೆ ಎಲ್ಲರೂ ತಿಮ್ಮಾಪುರದಿಂದ ತಂದ ಮುಧೋಳ ತಳಿಯ ನಾಯಿಮರಿ ನೋಡಲು ಹಿತ್ತಲಿಗೆ ಹೋದರು. ತಲೆನೋವು ಎಂದು ನಾನು ಒಳಗೇ ಉಳಿದೆ.

ಅವರು ಅತ್ತ ಹೋದದ್ದೇ ತಡ, ಮೂರೂ ಗಂಟು ಬಿಚ್ಚಿದೆ. ಒಂದನೆಯ ಚೀಲದ ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿತ್ತು: ಮುಕ್ಕಾಲು ಪಾಲು ಸಾಂಜೊವೇಸೆ, ಕಾಲು ಪಾಲು ಮೆರ್ಲೊ ಎಂಬ ಇನ್ನೊಂದು ದ್ರಾಕ್ಷಿ. ಉಳಿದೆರಡೂ ಅಪ್ಪಟ. ಅಷ್ಟರಲ್ಲಿ ಹಿತ್ತಲಿನ ಬಾಗಿಲು ಕಿರ್ ಎಂದಿತು. ಮೂರೂ ಬಾಟಲಿ ಇನ್ನೂ ಹೊರಗಿದ್ದವು. ಸಿಕ್ಕಿದ ಬಾಟಲಿಯನ್ನು ಸಿಕ್ಕಿದ ಚೀಲಕ್ಕೆ ತುರುಕಿ, ನೂಲು ಕಟ್ಟಿ, ಸೋಫಾದಲ್ಲಿ ಹಣೆ ಹಿಡಿದು ಕೂತೆ. ನಲವತ್ತೊಂದು ವರ್ಷದ ಅಧ್ಯಾಪಕಿ, ಪರೀಕ್ಷೆಯಲ್ಲಿ ನಕಲು ಮಾಡುವವರನ್ನು ಹಿಡಿಯುವುದರಲ್ಲಿ ಹೆಸರಾದವಳು!

ಆಲ್ವಿನ್ ಸುರಿದ ಗ್ಲಾಸುಗಳನ್ನು ಮಹಾದೇವಿ ತಂದು ಎಲ್ಲರ ಮುಂದಿಟ್ಟಳು. ಆಲ್ವಿನ್ ಕರೆದಿದ್ದ ಬೀಳಗಿಯ ಗುರುಪಾದಪ್ಪನವರು ಒಣದ್ರಾಕ್ಷಿ ಮಾಡುವ ರೈತರು. ಮೊದಲ ಗುಟುಕಿಗೇ ಮುಖ ಕಿವುಚಿದರು. "ಯಪ್ಪಾ, ಇದೇನ್ರಿ ಹುಣಸಿಹಣ್ಣ ಕಿವುಚಿ ಕೊಟ್ಟಂಗ ಐತಿ! ಹಣ್ಣಿನಾಗಿನ ಸಕ್ಕರಿ ಎಲ್ಲಿ ಹೋತ್ರಿ?"

"ಹುಳಿಯೇ ಇದ್ರ ಜೀವ, ಕಾಕಾ" ಎಂದು ಲವೀನಾ ನಕ್ಕಳು. ಖರೆಯಾಗಿ ಹೇಳಬೇಕೆಂದರೆ ಆ ಹುಳಿ ನನಗೆ ಹಿಡಿಸಿತು. ತೆಳ್ಳಗೆ, ಹಾಲಿಲ್ಲದ ಚಹಾದ ಒಗರಿನ ಹಾಗೆ, ನಾಲಗೆಯ ಎರಡೂ ಬದಿಯಲ್ಲಿ ನೀರೂರಿಸುವಂಥದು. ಆದರೆ ರುಚಿ ನೋಡುವ ವ್ಯವಧಾನ ನನಗೆಲ್ಲಿತ್ತು? ಗ್ಲಾಸು ತಿರುಗಿಸಿ, ಮೂಸಿ, ಕಣ್ಣು ಮುಚ್ಚಿ ಘೋಷಿಸಿದೆ: "ಒಂದನೇದರಲ್ಲಿ ಬೆರಕೆಯಿದೆ. ಕಾಲು ಭಾಗ ಮೆರ್ಲೊ."

ಲವೀನಾ ಕಣ್ಣರಳಿಸಿದಳು. "ಅಯ್ಯೋ ಅಕ್ಕಾ, ನಂಗೆ ಮೂರನೇದು ಅನ್ನಿಸ್ತು."

ಅಷ್ಟರಲ್ಲಿ ಮಹಾದೇವಿ ತನ್ನ ಚೀಲದಿಂದ ಬಿಳಿ ನೂಲಿನ ಮೂರು ಎಳೆ ಕಿತ್ತು ಒಂದೊಂದು ಗ್ಲಾಸಿನಲ್ಲಿ ಅದ್ದಿದಳು. ಬೆರಳಲ್ಲಿ ಹಿಂಡಿ ಕಿಟಕಿಯ ಬೆಳಕಿಗೆ ಹಿಡಿದಳು. "ಒಂದು, ಎರಡು ಒಂದ ಜಾತಿ ಕೆಂಪು. ಮೂರನೇದ್ರಾಗ ನೀಲಿ ಸೇರೈತಿ, ದಟ್ಟ ಐತಿ. ಇದ ಬೆರಕಿ." ನೂಲಿಗೆ ಬಣ್ಣ ಹಾಕುವವರ ಮನೆಯಲ್ಲಿ ಬೆಳೆದವಳು ಅವಳು. ರಸಾಯನಶಾಸ್ತ್ರ ಓದಿದ ನನಗೆ ಹೊಳೆಯಲಿಲ್ಲವಲ್ಲ!

ಚೀಲ ಬಿಚ್ಚಿದರು. ಮೂರನೆಯದೇ. ಆಲ್ವಿನ್ ಲೇಬಲ್ ಓದಿದ: ಕಾಲು ಭಾಗ ಮೆರ್ಲೊ.

"ಕಾಲು ಭಾಗ ಅಂತ ಸರಿಯಾಗಿ ಹೇಳಿದ್ರಿ ಅಕ್ಕಾ! ಆದ್ರೆ ಬಾಟ್ಲಿ ಮಾತ್ರ ಹೇಗೆ ತಪ್ಪಿತು?" ಲವೀನಾಳ ದನಿಯಲ್ಲಿ ಕುಹಕವಿರಲಿಲ್ಲ. ಎಲ್ಲರೂ ನನ್ನನ್ನು ನೋಡುತ್ತಿದ್ದರು. ಮಹಾದೇವಿ ಮಾತ್ರ ಚೀಲದಿಂದ ಬಿಚ್ಚಿದ ನೂಲನ್ನು ಕೈಯಲ್ಲಿಟ್ಟುಕೊಂಡು ನೋಡುತ್ತಿದ್ದಳು.

"ತಪ್ಪ ನಂದು" ಎಂದಳು. "ಅಕ್ಕೋರ ಮುಂದ ಗ್ಲಾಸ ನಾನ ಅದಲಿ ಬದಲಿ ಇಟ್ಟೇನಿ. ಅವ್ರು ಹೇಳಿದ್ದು ಮೂರನೇದ್ರ ಸುದ್ದಿ."

ಗುರುಪಾದಪ್ಪನವರು "ಭಲೇ ಅಕ್ಕೋರ!" ಎಂದರು. ಲವೀನಾ ಎದ್ದು ಬಂದು ನನ್ನನ್ನು ತಬ್ಬಿಕೊಂಡಳು. ಗೆದ್ದಿದ್ದೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಗ್ಲಾಸು ತೊಳೆಯುವ ನೆಪದಲ್ಲಿ ಮಹಾದೇವಿ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. ನೂಲನ್ನು ನನ್ನ ಮೂಗಿನೆದುರು ಹಿಡಿದಳು. "ನಾ ಹಾಕಿದ್ದು ನೇಕಾರ ಗಂಟ. ಮಗ್ಗದಾಗ ಎಳಿ ಹರದ್ರ ಹಾಕ್ತೇವಲ್ಲ, ಅದು. ಇದೇನಿದು? ಬೂಟಿನ ದಾರದ ಗಂಟ! ನಿನಗೇನ ಹುಚ್ಚ ಹಿಡದೈತೇನ್ ಬೇ?"

ಐದು ವರ್ಷದಲ್ಲಿ ಮೊದಲ ಸಲ ಅವಳು ನನ್ನನ್ನು ನೀನು ಎಂದದ್ದು. ನನಗೆ ಅಳು ಒತ್ತರಿಸಿಕೊಂಡು ಬಂತು. "ನಿನಗೀಗ ಅವಳೇ ಹೆಚ್ಚು. ನಾನು ಹೋಗ್ತೀನಿ ಅಂದ್ರೂ ಬೇಡ ಅನ್ನಲಿಲ್ಲ."

"ತಾಯಿ ಕರಿಯಾಕತ್ತಾಳ. ನಾ ಹೆಂಗ ಬ್ಯಾಡ ಅನ್ಲಿ?" ಅವಳ ದನಿ ಇಳಿಯಿತು. ನಲ್ಲಿಯ ಕೆಳಗೆ ಗ್ಲಾಸು ಹಿಡಿದು, ನನ್ನ ಕಡೆ ನೋಡದೆ ಹೇಳಿದಳು: "ಆಕೀ ಸಲುವಾಗಿ ನಾ ಸುಳ್ಳ ಹೇಳ್ತಿದ್ನೇನ್ ಬೇ?"

ಅಲ್ಲಿಗೆ ನನ್ನ ಹೊಟ್ಟೆಕಿಚ್ಚು ಆರಿತು ಎಂದರೆ ನೀವು ನಂಬಬೇಡಿ. ಆರಲಿಲ್ಲ. ಹೊರಡುವಾಗ ಬಾಗಿಲವರೆಗೆ ಬಂದ ಲವೀನಾ ನನ್ನ ಕೈ ಹಿಡಿದು, "ಅಕ್ಕಾ, ನಿಮ್ಗೆ ಮೈಸೂರು ಸಿಕ್ಕಿದ್ರೆ ಆ ಮೇಲಿನ ಮನೆ ನಮ್ಗೆ ಕೊಡ್ಸಿ. ಮಹಾದೇವಕ್ಕನ ಹತ್ರ ಇರ್ಬಹುದು" ಎಂದಳು. ಎಷ್ಟು ಪ್ರೀತಿಯಿಂದ ಕೇಳಿದಳೆಂದರೆ, ನಾನು ಆಗಲಿ ಎಂದು ತಲೆಯಾಡಿಸಿದೆ.

ನಾಳೆ ಅರ್ಜಿಗೆ ಕೊನೆಯ ದಿನ. ತುಂಬಿಟ್ಟಿದ್ದೇನೆ, ಕಳಿಸಿಲ್ಲ, ಕಳಿಸುವುದೂ ಇಲ್ಲ. ಅಮ್ಮ ಈಗಷ್ಟೇ ಫೋನ್ ಮಾಡಿದ್ದರು, ನನ್ನ ಕೋಣೆಗೆ ಸುಣ್ಣ ಹೊಡೆಸಿದ್ದಾರಂತೆ. "ನಿನ್ನ ಬಳಿಗೆ ಬರಲು ಮನಸ್ಸಿಲ್ಲ" ಎಂದು ಅವರಿಗೆ ಹೇಳಿದರೆ ಸುಳ್ಳಾಗುತ್ತದೆ. ಇಲ್ಲಿನ ನನ್ನ ಕೋಣೆಯಲ್ಲಿ ಇನ್ನೊಬ್ಬಳು ಮಲಗುವುದನ್ನು ಸಹಿಸಲಾರೆ, ಅದಕ್ಕೇ ಬರುತ್ತಿಲ್ಲ ಎಂಬುದು ನಿಜ. ಎಪ್ಪತ್ತು ದಾಟಿದ ತಾಯಿಗೆ ಅದನ್ನು ಯಾವ ಬಾಯಿಂದ ಹೇಳಲಿ?