ಒಂದೇ ಎಳೆತಕ್ಕೆ ಮೂರು ಗೆರೆ

ಕೂಸು ಎತ್ತಿಕೊಂಡ ಹೆಂಗಸು ಕಂಡರೆ ಪದ್ಮಕ್ಕ ಹೆಸರು ಕೇಳುತ್ತಿರಲಿಲ್ಲ, ಊರು ಕೇಳುತ್ತಿರಲಿಲ್ಲ. ಹುಕ್ಕೇರಿಯ ಬಸ್ ಸ್ಟ್ಯಾಂಡಿನಲ್ಲಾಗಲಿ, ಬಸದಿಯ ಮೆಟ್ಟಿಲ ಮೇಲಾಗಲಿ, ಅವರ ಮಾತು ಒಂದೇ: "ಎರಡನೇ ಸೂಜಿ ಮಾಡ್ಸೀಯೇನ ತಂಗಿ? ಕಾಗದ ಎಲ್ಲೈತಿ?"

ಅವರು ನಮ್ಮ ಬಾಜೂ ಮನೆಯವರು. ಫಾರ್ಮಸಿ ಕಾಲೇಜಿನಲ್ಲಿ ಕಲಿಸುತ್ತಿದ್ದರು, ಮದುವೆಯಾಗಿರಲಿಲ್ಲ. ಅವರ ತಂಗಿಯ ಚೊಚ್ಚಲ ಹೆರಿಗೆ ತವರಿನಲ್ಲಾಯಿತು. ಮೊದಲ ಸೂಜಿ ಇಲ್ಲೇ ಹಾಕಿಸಿ, ಎರಡು ತಿಂಗಳು ತುಂಬುತ್ತಲೇ ಉಡಿ ತುಂಬಿ ಮೇಲವಂಕಿಗೆ, ಗಂಡನ ಮನೆಗೆ ಕಳಿಸಿದರು. ಸೂಜಿಯ ಕಾಗದ ತವರಿನ ಟ್ರಂಕಿನಲ್ಲೇ ಉಳಿಯಿತು. ಉಳಿದದ್ದೂ ಆಗಿದೆ ಎಂದು ಅಲ್ಲಿಯವರು, ಅಲ್ಲಿ ಹಾಕಿಸುತ್ತಾರೆ ಎಂದು ಇಲ್ಲಿಯವರು ತಿಳಿದುಕೊಂಡರು. ಕೂಸು ಗಂಟಲಮಾರಿಗೆ ಹೋಯಿತು.

ಅಂದಿನಿಂದ ಪದ್ಮಕ್ಕನಿಗೆ ಒಂದೇ ಹಟ: ಮೂರು ಸಲದ ಲಸಿಕೆ ಒಂದೇ ಸೂಜಿಯಲ್ಲಿ ಹೋಗಬೇಕು. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳೊಳಗೆ ಲಸಿಕೆ ತುಂಬುವುದು. ಕಣ ಮೈಯೊಳಗೆ ತಾನೇ ಕರಗುತ್ತ ಅದನ್ನು ತಿಂಗಳುಗಟ್ಟಲೆ ಬಿಡುವುದು. ನನಗೆ ನಂಬಿಕೆ ಬರಲಿಲ್ಲ.

"ನಿನ್ನ ಬಾಣಂತನದಾಗ ಹಾಕಿದ ಹೊಲಿಗಿ ಬಿಚ್ಚಾಕ ಯಾರರ ಬಂದಿದ್ರೇನ? ತಾನ ಕರಗಿತಿಲ್ಲೊ? ಆ ದಾರ ಯಾವುದರದೋ, ಈ ಕಣಾನೂ ಅದರದ," ಎಂದರು.

ಅವರ ಮನೆಯಲ್ಲಿ ಫ್ರಿಜ್ ಇರಲಿಲ್ಲ. ನಮ್ಮದರಲ್ಲಿ ಹಾಲಿನ ಪಾತೇಲಿಯ ಬಾಜೂ ಒಂದು ಪುಟ್ಟ ಬಾಟಲಿ ಇಟ್ಟರು. ಲಸಿಕೆ ತುಂಬದ ಬರೀ ಕಣ, ಬಿಳಿ ಪುಡಿ, ಎರಡು ತಿಂಗಳ ದುಡಿಮೆ. ಗಂಟುಕಟ್ಟದೆ ಎಷ್ಟು ದಿನ ಉಳಿಯುತ್ತದೆ ನೋಡಬೇಕಿತ್ತಂತೆ. ಒಂದು ಮುಂಜಾನೆ ಬಾಟಲಿ ಖಾಲಿ. ಅತ್ತೆ ಲಿಂಗಪೂಜೆಗೆ ಕೂತಿದ್ದರು. ಹಣೆ, ತೋಳು, ಕೊರಳು, ಎಲ್ಲ ಕಡೆ ಮೂರು ಮೂರು ಬಿಳಿ ಗೆರೆ.

"ವಿಭೂತಿ ಫ್ರಿಜ್ಜಿನ್ಯಾಗ ಯಾಕ ಇಟ್ಟಿದ್ದಿ? ಇರಲಿ ಬಿಡು, ತಣ್ಣಗೈತಿ," ಎಂದರು.

ಪದ್ಮಕ್ಕನನ್ನು ಕರೆದೆ. ಬಂದವರು ಅತ್ತೆಯ ಹಣೆಯನ್ನೇ ನೋಡುತ್ತ ನಿಂತರು.

"ಆಯಿ, ಮೂರು ಗೆರಿ ಹೆಂಗ ಎಳದ್ರಿ?"

"ಹೆಂಗಂದ್ರ? ಮೂರು ಬೆರಳ, ಒಂದ ಎಳತ. ಒಂದೊಂದ ಎಳಕೋತ ಕುಂದ್ರಾಕ ನನಗ ಬ್ಯಾರೆ ಕೆಲಸಿಲ್ಲೇನ?"

"ಇದನ್ನ ನೋಡ್ರಿ ನಾ ನಮ್ಮ ಸಾಹೇಬರಿಗೆ ಹೇಳಾಕತ್ತಿದ್ದು," ಎಂದು ಪದ್ಮಕ್ಕ ನಕ್ಕುಬಿಟ್ಟರು. ಒಂದು ಮಾತೂ ಬೈಯಲಿಲ್ಲ. ಆ ಉಪಕಾರವನ್ನು ಇಂದಿಗೂ ದೇವರ ಮುಂದೆ ನೆನೆಯುತ್ತೇನೆ.

ಸಾಹೇಬರೆಂದರೆ ಅವರ ಪಿಎಚ್.ಡಿ. ಸಂಶೋಧನೆಯ ಗುರುಗಳು. ಪದ್ಮಕ್ಕ ಪುಡಿಯನ್ನು ಮತ್ತೆ ಮಾಡಿ ಲಸಿಕೆ ತುಂಬಿದರು. ತಿಂಗಳುಗಟ್ಟಲೆ ಬಿಡಬೇಕಾದದ್ದನ್ನು ಕಣಗಳು ಮೊದಲ ದಿನವೇ ಉಗುಳಿದವು. ವರ್ಷಗಳು ಹೀಗೇ ಹೋದವು. ಇದನ್ನು ಬಿಟ್ಟು ಸಾದಾ ಗುಳಿಗೆಯ ವಿಷಯ ತಗೋ, ಬೇಗ ಡಾಕ್ಟರ್ ಆಗುತ್ತೀ ಎಂದರು ಸಾಹೇಬರು.

"ನನ್ನ ಹೆಸರಿನ ಮುಂದ ಡಾಕ್ಟರ್ ಬರದಿದ್ರೂ ನಡೀತೈತಿ ಸರ್. ಇದನ್ನ ಬಿಡಂಗಿಲ್ಲ," ಎಂದು ಹೇಳಿ ಬಂದರಂತೆ. ನೌಕರಿ ಬಿಟ್ಟು, ನಲವತ್ತು ದಾಟಿದ ಮೇಲೆ, ಇಂಥದೇ ಕಣ ಮಾಡುವ ಪುಣೆಯ ಲ್ಯಾಬೊಂದರಲ್ಲಿ ಕೈಕೆಳಗಿನ ಕೆಲಸಕ್ಕೆ ಹೊರಟರು.

ಹೊರಡುವ ದಿನ ಅವರು ಬಂದಾಗ ನಾನು ನಾದಿನಿಗೆ ಉಡಿ ತುಂಬುತ್ತಿದ್ದೆ. ಕೂಸಿನೊಂದಿಗೆ ಗೋಕಾಕಕ್ಕೆ, ಗಂಡನ ಮನೆಗೆ ಹೊರಟಿದ್ದಳು. ಪದ್ಮಕ್ಕ ಚೀಲ ಕೆಳಗಿಟ್ಟು, ಸೂಜಿಯ ಕಾಗದ ಕೇಳಿ ಪಡೆದು, ಅಕ್ಕಿ ಕೊಬ್ಬರಿಯ ನಡುವೆ ಮಡಚಿಟ್ಟರು.

"ಉಡ್ಯಾಗ ದವಾಖಾನಿ ಕಾಗದ ಹಾಕ್ತಾರೇನ? ಅಪಶಕುನ," ಅತ್ತೆ ಮುಖ ಗಂಟಿಕ್ಕಿದರು.

"ನನ್ನ ಒಂದ ಸೂಜಿ ಬರೂತನಕ ಇದು ಇಲ್ಲೇ ಇರತೈತಿ ಆಯಿ. ಬಂದ ದಿನ ತಗದ ಒಗೀರಿ."

ಮತ್ತೆ ಅವರನ್ನು ಕಾಣಲಿಲ್ಲ. ಪುಣೆಯಲ್ಲೇ ತೀರಿಕೊಂಡರೆಂದು ಸುದ್ದಿ ಬಂತು. ಆ ಒಂದು ಸೂಜಿ ನಮ್ಮ ದವಾಖಾನೆಗೆ ಇನ್ನೂ ಬಂದಿಲ್ಲ. ಓಣಿಯಲ್ಲಿ ಉಡಿ ತುಂಬಲು ನನ್ನನ್ನು ಕರೆದವರು, ಕೂಸಿನ ಸೂಜಿಯ ಕಾಗದ ಕೇಳಿದರೆ, ಈಗಲೂ ಮುಖ ಸಿಂಡರಿಸುತ್ತಾರೆ. ನಾನು ಶಿವನ ಹೆಸರು ಹೇಳಿ ಮೊದಲು ಕಾಗದ ಇಡುತ್ತೇನೆ, ಆಮೇಲೆ ಅಕ್ಕಿ.