ಚೆಂದದ ಕ್ಯಾಲೆಂಡರ್

ನಮ್ಮವರಿಗೆ, ಅಂದರೆ ನನ್ನ ಗಂಡ ಸತ್ಯಮೂರ್ತಿಗೆ, ಕಣ್ಣಿಗೆ ಹಿತವಾಗದ ವಸ್ತು ಮನೆಯೊಳಗೆ ಇರಕೂಡದು. ಮೈಸೂರಿನಲ್ಲಿ ಚಿತ್ರಕಲೆ ಕಲಿತು ಬಂದು ಮುಂಬಯಿಯ ಒಂದು ಜಾಹೀರಾತು ಕಂಪನಿಯಲ್ಲಿ ಆರ್ಟಿಸ್ಟ್ ಆಗಿದ್ದರು. ಆಂಟಾಪ್ ಹಿಲ್‌ನ ನಮ್ಮ ಪುಟ್ಟ ಮನೆಯಲ್ಲಿ ಅಡುಗೆ ಡಬ್ಬಗಳಿಗೆಲ್ಲ ಒಂದೇ ಬೂದು ಬಣ್ಣ ಬಳಿದಿದ್ದರು. ಹೆಸರಿನ ಚೀಟಿ ಅಂಟಿಸಿದರೆ ಅಂದ ಕೆಡುತ್ತದಂತೆ. ಸಾರಿನ ಪುಡಿಯೆಂದು ನಾನು ಮೆಣಸಿನ ಪುಡಿ ಸುರಿದ ದಿನ ಅದನ್ನು ಉಂಡು ಕಣ್ಣು ಒರೆಸಿಕೊಂಡವರೂ ಅವರೇ. ಆದರೂ ಬುದ್ಧಿ ಬರಲಿಲ್ಲ.

ಎಂಬತ್ತಾರನೆಯ ಇಸವಿಯ ಕ್ಯಾಲೆಂಡರ್ ಮಾಡಿಕೊಡಿ ಎಂದು ನಮ್ಮ ಕನ್ನಡ ಸಂಘದವರು ಇವರನ್ನೇ ಕೇಳಬೇಕೆ! ಬೈಕುಲ್ಲಾದ ಪ್ರೆಸ್ಸಿಗೆ ಅಲೆದಾಡಿ, ಮುಖ ಕಾಣುವಷ್ಟು ನುಣುಪಾದ ಕಾಗದದ ಮೇಲೆ ಅಚ್ಚು ಹಾಕಿಸಿದರು. ಪುಟದ ಮುಕ್ಕಾಲು ಪಾಲು ಚಿತ್ರ. ಕೆಳಗೆ ತೆಳು ಬೂದಿ ಬಣ್ಣದಲ್ಲಿ ತಾರೀಕು. ತಿಥಿ, ನಕ್ಷತ್ರ ಎಲ್ಲ ಸಾಸಿವೆಗಿಂತ ಸಣ್ಣ. ಭಾನುವಾರಕ್ಕೆ ಕೆಂಪು ಬಣ್ಣವೂ ಇಲ್ಲ, ಅದು ಚಿತ್ರಕ್ಕೆ ಒಪ್ಪುವುದಿಲ್ಲವಂತೆ.

ಪಕ್ಕದ ಮನೆಯ ದೇವಕ್ಕ ಗುಲ್ಬರ್ಗ ಕಡೆಯವಳು. ನೋಡಿ ಬೆರಗಾಗಿ, "ಭಾಳ ಛಂದ ಅದರಿ ಅಕ್ಕಾ. ಖರೆ ಇದರಾಗ ಐತವಾರ ಎಲ್ಲದರಿ?" ಎಂದಳು.

"ಭಾನುವಾರ ಹುಡುಕಿದ್ರೆ ಸಿಗುತ್ತೆ," ಎಂದರು ನಮ್ಮವರು.

"ರೀ, ಕ್ಯಾಲೆಂಡರ್ ನೋಡೋದೋ, ಹುಡುಕೋದೋ?" ಎಂದು ರೇಗಿದೆ. ಕುರ್ಲಾದ ಕಿರಾಣಿ ಅಂಗಡಿಯವನು ಕೊಟ್ಟ, ದಪ್ಪ ಅಂಕಿಗಳ ಕ್ಯಾಲೆಂಡರನ್ನು ಬಾಗಿಲ ಹಿಂದೆ ತೂಗುಹಾಕಿದೆ. ಮರುದಿನವೇ ಅದು ರದ್ದಿಗೆ ಹೋಗಿತ್ತು.

ನನ್ನ ಪಾಡು ಹಾಗಿರಲಿ. ಅತ್ತೆ ಕೌಸಲ್ಯಮ್ಮನವರಿಗೆ ವರ್ಷದಲ್ಲಿ ಮುಖ್ಯವಾದದ್ದು ಒಂದೇ ದಿನ, ತೀರಿಕೊಂಡ ಮಾವನವರ ಶ್ರಾದ್ಧ. ಆಷಾಢ ಶುದ್ಧ ಸಪ್ತಮಿ. ಹೊಸ ಕ್ಯಾಲೆಂಡರ್ ಬಂದ ಕೂಡಲೇ ಆ ದಿನದ ಮೇಲೆ ಒಂದು ಬೊಟ್ಟು ಕುಂಕುಮ ಇಡುವುದು ಅವರ ಪದ್ಧತಿ. ಆ ಸಲ ಅಕ್ಷರ ಕಾಣದೆ ಮಗನ ಕೈಲಿ ಓದಿಸಿ, ಇವರು ತೋರಿಸಿದಲ್ಲಿ ಬೊಟ್ಟಿಟ್ಟರು. ನಮ್ಮವರ ಮುಖ ಹುಳ್ಳಗಾದದ್ದನ್ನು ನಾನು ನೋಡಿದೆ.

ಆಷಾಢದಲ್ಲಿ ನಮ್ಮ ಕಡೆಯವರಿಗೆ ಹೇಳಿಕೊಳ್ಳುವಂಥ ಹಬ್ಬವಿಲ್ಲ, ಮುಂಜಿ ಮದುವೆಯಿಲ್ಲ. ದಿನ ತಿಳಿಯಬೇಕಾದರೆ ಗೋಡೆಯನ್ನೇ ನೋಡಬೇಕು. ಜುಲೈ ಪುಟಕ್ಕೆ ತಿರುಗಿಸಿದರೆ ಕುಂಕುಮ ಕಾಣಲಿಲ್ಲ. ಸಪ್ತಮಿ ಮುಂದಿನ ಪುಟಕ್ಕೆ ಬಿದ್ದಿರಬೇಕು ಎಂದುಕೊಂಡರು ಅತ್ತೆ. ನಾನೂ ಹಾಗೆಯೇ ಅಂದುಕೊಂಡೆ.

ಒಂದು ಬೆಳಿಗ್ಗೆ ಮಳೆಯಲ್ಲೇ ತಾಳ ಹೊಡೆಯುತ್ತ, ವಿಠಲ ವಿಠಲ ಎನ್ನುತ್ತ ಜನ ವಡಾಲಾದ ದೇವಸ್ಥಾನಕ್ಕೆ ಗುಂಪು ಗುಂಪಾಗಿ ನಡೆದರು. ಕಿಟಕಿಯಲ್ಲಿ ನಿಂತಿದ್ದ ಅತ್ತೆ ತಿರುಗಿದರು.

"ಇವತ್ತು ಆಷಾಢ ಏಕಾದಶಿಯೇನೋ ಸತ್ಯ? ಹಾಗಾದ್ರೆ ಸಪ್ತಮಿ ಎಲ್ಲಿ ಹೋಯ್ತು?"

ನಮ್ಮವರು ಗೋಡೆಗೆ ಮೂಗು ತಾಗಿಸಿ ನೋಡಿದರು. ಸಪ್ತಮಿ ಆಗಲೇ ಕಳೆದಿತ್ತು. ಅಂದು ಮನೆಯಲ್ಲಿ ಈರುಳ್ಳಿ ಹುಳಿ ಮಾಡಿ ಎಲ್ಲರೂ ಚಪ್ಪರಿಸಿ ಉಂಡಿದ್ದೆವು.

"ಕುಂಕುಮ ಏನಾಯ್ತು ರೀ?" ಎಂದೆ.

"ನಮ್ಮ ಕಂಪನಿ ಸಾಹೇಬರು ಮನೆಗೆ ಬಂದಿದ್ರಲ್ಲ, ಅವರಿಗೆ ಒಂದೊಂದೇ ಪುಟ ತೋರಿಸಬೇಕಿತ್ತು. ಕಲೆ ಥರ ಕಾಣ್ತಿತ್ತು, ಒರೆಸಿದೆ. ದಿನ ನೆನಪಿರುತ್ತೆ ಅಂದ್ಕೊಂಡಿದ್ದೆ."

ನನಗೆ ಮೈಯೆಲ್ಲ ಉರಿದುಹೋಯಿತು. ಹೆತ್ತ ತಾಯಿ ಇಟ್ಟ ಬೊಟ್ಟು ಕಲೆಯೆ? ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವರು ಕೊಡೆ ಹಿಡಿದು ಪುರೋಹಿತರ ಮನೆಗೆ ಓಡಿದರು. ನೆನೆದು ತೊಪ್ಪೆಯಾಗಿ ಮರಳಿದವರು ಅಮ್ಮನ ಮುಂದೆ ಕೂತರು.

"ದೋಷವಿಲ್ಲವಂತಮ್ಮ, ಅಮಾವಾಸ್ಯೆಗೆ ಮಾಡಬಹುದಂತೆ."

ಅತ್ತೆ ತಮ್ಮ ಸೆರಗಿನಿಂದಲೇ ಮಗನ ತಲೆ ಒರೆಸಿದರು.

"ಮಾಡಪ್ಪ, ಬೇಡ ಅನ್ನಲ್ಲ," ಎಂದರು. "ಆದ್ರೆ ನಿಮ್ಮಪ್ಪ ಅವತ್ತೇ ಬಂದಿರ್ತಾರಲ್ಲೋ. ಎಲೆ ಹಾಕಿಲ್ಲ ಅಂತ ನೋಡಿ, ಹಾಗೇ ಹಸ್ಕೊಂಡು ಹೋಗಿರ್ತಾರೆ."