ಬಂಪರಕ್ಕನ ಅಂಗೈ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮನೆಯ ಹಿಂದಿನ ತಗಡಿನ ಚಾವಣಿಯ ಕೆಳಗೆ ಎರಡು ಸ್ಟೂಲುಗಳ ಮೇಲೆ ಕಾರಿನ ಮುಂದಿನ ಬಂಪರ್ ಒಂದು ಮಲಗಿದೆ. ಕಾರಿಲ್ಲದ ಬಂಪರ್ ನೋಡಿದರೆ ಯಾರೋ ತಮ್ಮ ನಗುವನ್ನು ಮರೆತು ಬಿಟ್ಟುಹೋದಂತಿರುತ್ತದೆ. ಅದರ ಮುಂದೆ ಕೂತ ಐವತ್ತೆರಡರ ಹೆಂಗಸು ಕಣ್ಣು ಮುಚ್ಚಿದ್ದಾರೆ. ಅಂಗೈ ಮಾತ್ರ ಪ್ಲಾಸ್ಟಿಕ್ಕಿನ ಮೇಲೆ ನಿಧಾನವಾಗಿ ಹೋಗುತ್ತದೆ, ಬರುತ್ತದೆ. ಇವರು ಕೆಲಸ ಮಾಡುತ್ತಿದ್ದಾರೋ ಕನಸು ಕಾಣುತ್ತಿದ್ದಾರೋ ಎಂದು ಇವರ ಬಗ್ಗೆ ಬರೆಯಲು ನಿದ್ದೆಗಣ್ಣಿನಲ್ಲಿ ಬಂದ ನನಗೆ ಅನುಮಾನ.

"ಕಣ್ಣು ಮೋಸ ಮಾಡುತ್ತೆ ಸಾರ್," ಎನ್ನುತ್ತಾರೆ, ಕಣ್ಣು ತೆರೆಯದೆ. "ನೋಡೋಕೆ ಎಲ್ಲ ಸರಿಯಾಗೇ ಇರುತ್ತೆ. ಉಬ್ಬು ತಗ್ಗು ಗೊತ್ತಾಗೋದು ಕೈಗೆ."

ಬೀದಿಯವರಿಗೆಲ್ಲ ಇವರು ಬಂಪರಕ್ಕ. ಪಕ್ಕದ ರಸ್ತೆಯ ಪೇಂಟರ್ ಒಡೆದ ಬಂಪರುಗಳನ್ನು ತಂದು ಕೊಡುತ್ತಾರೆ. ಇವರು ಕೂಡಿಸಿ, ನುಣುಪು ಮಾಡಿ ಕಳಿಸುತ್ತಾರೆ. ಆಮೇಲೆ ಬಣ್ಣ ಬೀಳುತ್ತದೆ. ಹೊಳೆಯುವ ಕಾರು ಕಂಡವರು ಪೇಂಟರನ್ನು ಹೊಗಳುತ್ತಾರೆ, ಬಣ್ಣದ ಕೆಳಗಿರುವ ಕೈಯ ಬಗ್ಗೆ ಕೇಳುವವರಿಲ್ಲ. ವಾರಕ್ಕೆ ನಾಲ್ಕರಂತೆ ಹದಿನಾಲ್ಕು ವರ್ಷ. ಒಟ್ಟು ಎಷ್ಟಾಯಿತು, ನೀವೇ ಗುಣಿಸಿಕೊಳ್ಳಿ. ನನಗಂತೂ ತಲೆ ತಿರುಗಿತು.

ಶುರುವಾದದ್ದು ಗಂಡನ ವ್ಯಾನಿನಿಂದ. ಕೊಂಡ ವಾರದಲ್ಲೇ ಅವರು ಅದನ್ನು ಸ್ವಂತ ಮನೆಯ ಗೇಟಿಗೆ ಗುದ್ದಿದರು. "ಗ್ಯಾರೇಜಿನವರು ಹೊಸದು ಹಾಕ್ಸಿ ಅಂದ್ರು. ನಾನು ಹರಿದ ಬಟ್ಟೇನೇ ಎಸೆಯೋಳಲ್ಲ, ಇದನ್ನ ಎಸೀತೀನಾ? ಚಾಕು ಕಾಯಿಸಿ ಕರಗಿಸಿ ಅಂಟಿಸೇಬಿಟ್ಟೆ. ಎಷ್ಟು ಚೆನ್ನಾಗಿತ್ತು ಅಂದ್ರೆ, ನಮ್ಮನೆಯವರು ಆರು ತಿಂಗಳು ವ್ಯಾನಿನ ಮುಖ ಗೋಡೆ ಕಡೆ ತಿರುಗಿಸಿ ನಿಲ್ಲಿಸ್ತಿದ್ರು!"

ಈಗ ಕೈ ಪಳಗಿದೆ. ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ, ಬಿರುಕು ಮುಂದಕ್ಕೆ ಓಡದಂತೆ ಅದರ ತುದಿಗೊಂದು ಸಣ್ಣ ತೂತು ಕೊರೆಯುತ್ತಾರೆ. ಒಳಬದಿಗೆ ತಂತಿಬಲೆಯನ್ನು ಕಾದ ಕಬ್ಬಿಣದಿಂದ ಒತ್ತಿ, ಅದೇ ಜಾತಿಯ ಹಳೇ ಪ್ಲಾಸ್ಟಿಕ್ಕಿನ ಪಟ್ಟಿ ಕರಗಿಸಿ ತುಂಬುತ್ತಾರೆ. ಹೊರಬದಿಗೆ, ತಗ್ಗು ತುಂಬುವ ಪುಟ್ಟಿಯ ತೆಳು ಲೇಪ. ಆಮೇಲೆ ಎಮರಿ ಪೇಪರಿನಲ್ಲಿ ಉಜ್ಜುವುದು, ಸವರುವುದು, ಮತ್ತೆ ಉಜ್ಜುವುದು. ಮೊದಲ ಬಿಸಿಲು ಒಳಗೆ ಬಂದಾಗ ಬೂದುಬಣ್ಣದ ಧೂಳು ಗಾಳಿಯಲ್ಲಿ ನಿಂತೇ ಇರುತ್ತದೆ. ಸ್ವಲ್ಪ ಹೊತ್ತು ಯಾವುದಕ್ಕೂ ತೂಕವೇ ಇಲ್ಲವೆನಿಸುತ್ತದೆ.

ಆದರೆ ಉಜ್ಜಿ ಉಜ್ಜಿ ಅಕ್ಕನ ಬೆರಳ ತುದಿಗಳೂ ಸವೆದಿವೆ. "ಬೆರಳಿಟ್ರೆ ಫೋನೂ ನನ್ನ ಗುರುತು ಹಿಡಿಯಲ್ಲ," ಎಂದು ನಗುತ್ತಾರೆ. ಹೋದ ತಿಂಗಳು ಒಂದು ಸಣ್ಣ ತಗ್ಗು ಕೈಗೆ ಸಿಗದೆ ತಪ್ಪಿಸಿಕೊಂಡಿತು. ಬಣ್ಣ ಹೊಡೆದ ಮೇಲೆ ಬಿಸಿಲಿಗೆ ಎದ್ದು ಕಂಡಿತು. ಪೇಂಟರ್ ಬಣ್ಣವನ್ನೆಲ್ಲ ತೆಗೆದು ಮತ್ತೆ ಹೊಡೆಯಬೇಕಾಯಿತು. "ಬೇಜಾರು ಮಾಡ್ಕೋಬೇಡಿ ಅಕ್ಕ, ಇನ್ನೊಂದ್ಸಲ ಹೀಗಾದ್ರೆ ನಾನೇ ಮಾಡ್ಕೋತೀನಿ" ಎಂದು ಹೇಳಿ ಹೋದರು. ಅದಾದ ಮೇಲೆ ಬಂದ ಮೊದಲ ಬಂಪರ್ ಇದು.

"ಇದು ಬಂದು ಮೂರು ದಿನ, ಊಟ ಸೇರ್ತಿಲ್ಲ. ಬಂಪರೇ ಇಲ್ದಿದ್ರೆ ನಾನೆಂಥ ಬಂಪರಕ್ಕ ಹೇಳಿ?" ಈ ಸಲ ನಗು ಬರುವುದಿಲ್ಲ.

ಎದ್ದು ಒಳಗೆ ಹೋಗಿ ಅತ್ತೆಯ ಕೈ ಹಿಡಿದು ಕರೆತರುತ್ತಾರೆ. ಎಂಬತ್ತೊಂದರ ಅತ್ತೆಗೆ ಕಣ್ಣು ಮಂಜಾಗಿ ನಾಲ್ಕು ವರ್ಷ. ಅಂಗೈ ಮಾತ್ರ ಇನ್ನೂ ಮೃದು. ಅಕ್ಕ ಬಂಪರಿನ ಮೇಲೆ ತೆಳು ಹತ್ತಿಬಟ್ಟೆ ಹಾಸುತ್ತಾರೆ. ಬಟ್ಟೆಯಿದ್ದರೆ ಕೈ ಜಾರುತ್ತದೆ, ತಗ್ಗು ಬೇಗ ಸಿಗುತ್ತದೆ.

"ಮದುವೆಯಾಗಿ ಬಂದಾಗಿಂದ ನನ್ನ ಕೆಲಸದಲ್ಲಿ ಹುಳುಕು ಹುಡುಕಿದೀರಲ್ಲ ಅತ್ತೆ, ಇವತ್ತು ಚೆನ್ನಾಗಿ ಹುಡುಕಿ."

"ಅದಕ್ಕೇನಂತೆ, ಅಭ್ಯಾಸ ಇದೆ."

ಮುದಿ ಕೈ ಎಡದಿಂದ ಹೊರಟು ನಡುವೆ ನಿಲ್ಲುತ್ತದೆ. "ಇಲ್ಲಿ ನೋಡೇ. ಮಗು ಕೆನ್ನೆ ಗುಳಿಯಷ್ಟು."

ಅಕ್ಕನ ಮುಖ ಸಪ್ಪಗಾಗುತ್ತದೆ. ಮತ್ತೆ ಪುಟ್ಟಿ, ಅರ್ಧ ಗಂಟೆ ಕಾಯುವಿಕೆ, ಮತ್ತೆ ಎಮರಿ ಪೇಪರ್. ಬೀದಿ ಎದ್ದಿದೆ. ಅತ್ತೆಯ ಕೈ ಎರಡನೇ ಸಲ ಈ ತುದಿಯಿಂದ ಆ ತುದಿಗೆ ಹೋಗುತ್ತದೆ, ತಿರುಗಿ ಬರುತ್ತದೆ, ಇನ್ನೊಮ್ಮೆ ಹೋಗುತ್ತದೆ. ಸೊಸೆ ಆ ಕೈಯನ್ನೇ ನೋಡುತ್ತಿದ್ದಾರೆ. ನಾನೂ.

"ಏನೂ ಸಿಗ್ಲಿಲ್ಲ ಕಣೇ."

ಅಷ್ಟರಲ್ಲಿ ಪೇಂಟರ್ ಬರುತ್ತಾರೆ. ಬಂಪರನ್ನು ಬಿಸಿಲಿಗೆ ಓರೆಯಾಗಿ ಹಿಡಿದು ನೋಡುತ್ತಾರೆ, ಸವರುತ್ತಾರೆ, ಮತ್ತೆ ನೋಡುತ್ತಾರೆ. "ಸಾಯಂಕಾಲ ಇನ್ನೆರಡು ತರ್ತೀನಿ ಅಕ್ಕ."

"ತಾ. ಆದ್ರೆ ಒಂದು ಹೇಳ್ಬಿಡ್ತೀನಪ್ಪ, ಕೊನೇಲಿ ನೋಡಿದ್ದು ಅತ್ತೆ ಕೈ."

"ಯಾರ ಕೈಯಾದ್ರೇನಕ್ಕ, ಈ ಮನೇದೇ ತಾನೆ?" ಎಂದು ಬಂಪರನ್ನು ಹೆಗಲಿಗೇರಿಸಿಕೊಂಡು ನಡೆಯುತ್ತಾರೆ.

ಹೊರಡುವ ಮುನ್ನ ನಾನು ಕೇಳುತ್ತೇನೆ, ಇನ್ನೇನಾದರೂ ಆಸೆ ಇದೆಯೇ ಎಂದು. ಅಕ್ಕ ಕೈಯ ಧೂಳು ಕೊಡವಿ, ಅತ್ತೆ ಮರಳಿ ಹೋದ ಒಳಗಿನ ಕೋಣೆಯ ಕಡೆ ನೋಡುತ್ತಾರೆ. ಕಣ್ಣು ತುಂಬಿದೆ.

"ಅತ್ತೆ ಬಾಯಲ್ಲಿ 'ಏನೂ ಸಿಗ್ಲಿಲ್ಲ' ಅನ್ನೋ ಮಾತು ಬರೋಕೆ ಇಪ್ಪತ್ತೊಂಬತ್ತು ವರ್ಷ ಹಿಡೀತು ಸಾರ್. ಇನ್ನೇನು ಕೇಳ್ಲಿ?"